ವಿಂಚ್ ಹಗ್ಗದ ತುದಿಗೆ ಕುಣಿಕೆ: ಯಾವ ಸ್ಪ್ಲೈಸ್ ಆರಿಸಿಕೊಳ್ಳಬೇಕು?

ಭಾರ ಎಳೆಯುವ ಯಂತ್ರವಾದ ವಿಂಚ್‌ನ ಸಿಂಥೆಟಿಕ್ ಹಗ್ಗ ತುಂಡಾದಾಗ, ಇಲ್ಲವೇ ಹಳೆಯ ಕುಣಿಕೆ ಸವೆದು ಕತ್ತರಿಸಿ ಹಾಕಬೇಕಾದಾಗ, ಕೈಯಲ್ಲಿ ಉಳಿಯುವುದು ಬರೀ ತುದಿ. ಗಂಟು ಹಾಕದೆ, ತುದಿಯನ್ನು ಹಗ್ಗಕ್ಕೇ ಸೇರಿಸಿ ಮತ್ತೆ ಕುಣಿಕೆ ಮಾಡುವ ದಾರಿಗಳು, ಅಂದರೆ ಸ್ಪ್ಲೈಸ್‌ಗಳು, ನಾಲ್ಕೈದಿವೆ. ಯಾರನ್ನು ಕೇಳಿದರೂ ಮಾತು ಲಾಕ್‌ನ ಸುತ್ತಲೇ ತಿರುಗುತ್ತದೆ. ತುದಿ ಮತ್ತು ಹಗ್ಗ ಒಂದನ್ನೊಂದು ದಾಟಿ ಹಿಡಿದುಕೊಳ್ಳುವ ಬ್ರಮ್ಮೆಲ್ ಹಾಕಬೇಕೋ, ಹೊಲಿಗೆ ಹಾಕಿದರೆ ಸಾಕೋ ಅಂತ. ನನ್ನ ಪ್ರಕಾರ ಅದು ಆಮೇಲಿನ ಪ್ರಶ್ನೆ. ಭಾರ ಹೊರುವುದು ಹಗ್ಗದ ಹೊಟ್ಟೆಯೊಳಗೆ ಹೂತು ಹೋಗಿರುವ ಬಾಲ. ಆ ಬಾಲ ಎಷ್ಟು ಉದ್ದವಿದೆ, ಅದರ ತುದಿಯನ್ನು ಹೇಗೆ ಸಣ್ಣ ಮಾಡಿದ್ದೀರಿ ಅನ್ನುವುದರ ಮೇಲೆ ಕುಣಿಕೆಯ ಬಲ ನಿಂತಿದೆ. ಲಾಕ್ ಮಾಡುವ ಕೆಲಸ ಒಂದೇ: ಹಗ್ಗ ಸಡಿಲವಿದ್ದಾಗ ಬಾಲ ಹೊರಗೆ ಜಾರದ ಹಾಗೆ ಹಿಡಿದಿಡುವುದು. ಇದನ್ನು ಮನಸ್ಸಲ್ಲಿಟ್ಟುಕೊಂಡು ಒಂದೊಂದಾಗಿ ನೋಡೋಣ.

ಮೊದಲು ಹಗ್ಗ ಯಾವುದು ಅಂತ ಖಚಿತ ಮಾಡಿಕೊಳ್ಳಿ

ಇಲ್ಲಿ ಹೇಳುವುದೆಲ್ಲ 12 ಎಳೆಯ, ಒಳಗೆ ತಿರುಳಿಲ್ಲದ ಜಡೆ ಹಗ್ಗಕ್ಕೆ ಅನ್ವಯಿಸುತ್ತದೆ. ವಿಂಚ್‌ಗೆ ಬರುವ ಸಿಂಥೆಟಿಕ್ ಹಗ್ಗಗಳಲ್ಲಿ ಬಹುಪಾಲು ಇದೇ. ನಾರು ಎಚ್‌ಎಂಪಿಇ, ಅಂದರೆ ಡೈನೀಮಾ, ಸ್ಪೆಕ್ಟ್ರಾ ಅನ್ನುವ ಹೆಸರಿನಲ್ಲಿ ಸಿಗುವ ಪಾಲಿಎಥಿಲೀನ್. 6 ಎಳೆ ಬಲಕ್ಕೆ ಸುತ್ತುತ್ತಾ ಹೋದರೆ ಇನ್ನು 6 ಎಡಕ್ಕೆ ಸುತ್ತುತ್ತವೆ. ಹಗ್ಗವನ್ನು ಎರಡು ಕೈಯಲ್ಲಿ ಹಿಡಿದು ಒಂದರ ಕಡೆಗೆ ಇನ್ನೊಂದನ್ನು ತಳ್ಳಿ ನೋಡಿ. ಜಡೆ ಉಬ್ಬುತ್ತದೆ, ಎಳೆಗಳ ನಡುವೆ ಬಾಯಿ ತೆರೆಯುತ್ತದೆ. ಸ್ಪ್ಲೈಸ್ ಸಾಧ್ಯವಾಗುವುದು ಈ ಗುಣದಿಂದ. ಅದೇ ಹಗ್ಗವನ್ನು ಎಳೆದಾಗ ಜಡೆ ಉದ್ದವಾಗಿ ಸಣ್ಣಗಾಗುತ್ತದೆ, ಒಳಗಿರುವುದನ್ನು ಹಿಸುಕಿ ಹಿಡಿಯುತ್ತದೆ. ಎಳೆತ ಹೆಚ್ಚಿದಷ್ಟೂ ಹಿಡಿತ ಹೆಚ್ಚುತ್ತದೆ.

ಹೊರಗೊಂದು ಹೆಣೆದ ಹೊದಿಕೆ, ಒಳಗೊಂದು ಬೇರೆ ತಿರುಳು ಇರುವ ಹಗ್ಗವಾದರೆ ಇಲ್ಲಿನ ಯಾವ ವಿಧಾನವೂ ಸಲ್ಲದು. ಅದರ ಸ್ಪ್ಲೈಸ್ ಬೇರೆ. ಅದನ್ನು ತಯಾರಕರ ಸೂಚನೆ ನೋಡಿಯೇ ಮಾಡಬೇಕು.

ಗಂಟು ಹಾಕಿದರೆ ಆಗಲ್ವಾ ಅಂತ ಕೇಳುವವರಿದ್ದಾರೆ. ಆಗುವುದಿಲ್ಲ. ಈ ನಾರು ತುಂಬಾ ನುಣುಪು. ಬೇರೆ ಹಗ್ಗಗಳಲ್ಲಿ ಗಟ್ಟಿಯಾಗಿ ನಿಲ್ಲುವ ಬೋಲೈನ್ ಗಂಟು ಕೂಡ ಇದರಲ್ಲಿ ಜಾರಬಹುದು. ಜಾರದೆ ನಿಂತರೂ ಗಂಟಿನ ತಿರುವಿನಲ್ಲಿ ಹಗ್ಗ ತನ್ನ ಬಲದ ಅರ್ಧವನ್ನೋ ಅದಕ್ಕಿಂತ ಜಾಸ್ತಿಯನ್ನೋ ಕಳೆದುಕೊಳ್ಳುತ್ತದೆ. ಜಾರುವಾಗ ಹುಟ್ಟುವ ಬಿಸಿ ಇನ್ನೊಂದು ತೊಂದರೆ. ಎಚ್‌ಎಂಪಿಇ ಸುಮಾರು 145-150 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, 70 ಡಿಗ್ರಿ ದಾಟಿದಾಗಿನಿಂದಲೇ ಬಲ ಕುಂದುತ್ತದೆ. ಚೆನ್ನಾಗಿ ಮಾಡಿದ ಸ್ಪ್ಲೈಸ್ ಹಗ್ಗದ ಬಲದಲ್ಲಿ ನೂರಕ್ಕೆ ಸುಮಾರು 90 ಭಾಗ ಉಳಿಸಿಕೊಡುತ್ತದೆ. ಗಂಟಿಗೂ ಇದಕ್ಕೂ ಹೋಲಿಕೆಯೇ ಇಲ್ಲ.

ಹೊಸ ಹಗ್ಗ ಕೊಳ್ಳುವವರಿಗೆ ಇಲ್ಲೇ ಒಂದು ಮಾತು. ಎರಡು ಕಂಪನಿಯ ಹಗ್ಗಗಳ ಮುರಿಯುವ ಬಲವನ್ನು ಹೋಲಿಸುವಾಗ ಆ ಅಂಕಿ ಬರೀ ಹಗ್ಗದ್ದೋ, ಸ್ಪ್ಲೈಸ್ ಮಾಡಿದ ಹಗ್ಗದ್ದೋ ನೋಡಿ. ಕೆಲವರು ಒಂದನ್ನು ಕೊಡುತ್ತಾರೆ, ಕೆಲವರು ಇನ್ನೊಂದನ್ನು. ಬರೀ ಹಗ್ಗದ ಅಂಕಿಯಾದರೆ ನೂರಕ್ಕೆ 10 ಭಾಗ ಕಳೆದು ಹೋಲಿಸಿ. ಇಲ್ಲದಿದ್ದರೆ ಕಾಗದದ ಮೇಲೆ ಗಟ್ಟಿ ಕಂಡ ಹಗ್ಗವೇ ಬಳಕೆಯಲ್ಲಿ ಹಿಂದೆ ಬಿದ್ದೀತು.

ಸಾಫ್ಟ್ ಐಯೋ, ಥಿಂಬಲ್ಲೋ

ಸಾಫ್ಟ್ ಐ ಅಂದರೆ ಒಳಗೆ ಲೋಹದ ಬಳೆ ಇಲ್ಲದ, ಬರೀ ಹಗ್ಗದ ಕುಣಿಕೆ. ಥಿಂಬಲ್ ಅಂದರೆ ಕುಣಿಕೆಯೊಳಗೆ ಕೂರಿಸುವ ಲೋಹದ ತೊಟ್ಟಿಲು. ವಿಂಚ್‌ಗೆಂದೇ ಬರುವ ಕೊಳವೆ ಥಿಂಬಲ್‌ನಲ್ಲಿ ಹಗ್ಗ ಕೊಳವೆಯೊಳಗೇ ಹಾದು ಹೋಗುತ್ತದೆ.

ಯಾವುದು ಬೇಕು ಅನ್ನುವುದು ಕುಣಿಕೆಯೊಳಗೆ ಏನು ಬರುತ್ತದೆ ಅನ್ನುವುದರ ಮೇಲಿದೆ. ಯಾವಾಗಲೂ ಉಕ್ಕಿನ ಕೊಕ್ಕೆಯೇ ತುದಿಯಲ್ಲಿರುತ್ತದೆ, ಅದನ್ನು ಬಿಚ್ಚುವುದೇ ಇಲ್ಲ ಅಂತಾದರೆ ಥಿಂಬಲ್ ಒಳ್ಳೆಯದು. ಕೊಕ್ಕೆಯ ಪಿನ್ ಸಣ್ಣದು, ಅಂಚು ಒರಟು. ಪ್ರತಿ ಸಲ ಭಾರ ಬಿದ್ದಾಗಲೂ ಹಗ್ಗದ ಅದೇ ಜಾಗ ಅದೇ ಪಿನ್ನಿಗೆ ಉಜ್ಜುತ್ತದೆ. ಥಿಂಬಲ್ ಇದ್ದರೆ ಆ ಉಜ್ಜಾಟ ಲೋಹದ ಮೇಲೆ ಹೋಗುತ್ತದೆ. ಬಾಯಿ ತೆರೆದ ಹಗುರ ಥಿಂಬಲ್ ಮಾತ್ರ ಬೇಡ. ಹಗ್ಗ ಸಡಿಲವಾದಾಗ ಅದು ಕುಣಿಕೆಯೊಳಗೆ ಅಡ್ಡ ತಿರುಗುತ್ತದೆ, ಆಮೇಲೆ ಅದರ ಮೂಗೇ ಹಗ್ಗವನ್ನು ಚುಚ್ಚುತ್ತದೆ. ಥಿಂಬಲ್ ಹಾಕುವುದಾದರೆ ಕೊಳವೆಯದ್ದನ್ನೇ ಹಾಕಿ.

ಉಳಿದೆಲ್ಲ ಸಂದರ್ಭಕ್ಕೆ ನನ್ನ ಮತ ಸಾಫ್ಟ್ ಐಗೆ. ಮೊದಲ ಕಾರಣ ಸುರಕ್ಷತೆ. ಎಚ್‌ಎಂಪಿಇ ಹಗ್ಗ ಉಕ್ಕಿನ ತಂತಿಗಿಂತ ತುಂಬಾ ಹಗುರ. ಮುರಿದಾಗ ಅದರ ಏಟು ತಂತಿಯಷ್ಟು ಭೀಕರವಲ್ಲ. ಆದರೆ ತುದಿಯಲ್ಲಿ ಕೊಕ್ಕೆ, ಥಿಂಬಲ್, ದಪ್ಪ ಶ್ಯಾಕಲ್ (ಪಿನ್ ಹಾಕಿ ಮುಚ್ಚುವ ಲೋಹದ ಕೊಂಡಿ) ನೇತಾಡುತ್ತಿದ್ದರೆ ಹಾರಿ ಬರುವುದು ಆ ಲೋಹ. ಸಾಫ್ಟ್ ಐಗೆ ಹಗ್ಗದಿಂದಲೇ ಮಾಡಿದ ಸಾಫ್ಟ್ ಶ್ಯಾಕಲ್ ಜೋಡಿಸಿದರೆ ಹಗ್ಗದ ತುದಿಯಲ್ಲಿ ಲೋಹವೇ ಇರುವುದಿಲ್ಲ. ಹಗುರ ಅಂದ ಮಾತ್ರಕ್ಕೆ ಹಗ್ಗದ ಸಾಲಿನಲ್ಲಿ ನಿಲ್ಲಬಹುದು ಅಂತಲ್ಲ. ಯಾರೂ ನಿಲ್ಲಬಾರದು, ಮುರಿದ ಹಗ್ಗ ಹಾರದ ಹಾಗೆ ಅದರ ಮೇಲೆ ಡ್ಯಾಂಪರ್ (ಭಾರದ ಹೊದಿಕೆ) ಹಾಕುವುದನ್ನೂ ಬಿಡಬಾರದು. ಎರಡನೇ ಕಾರಣ, ಸವೆದಾಗ ಕತ್ತರಿಸಿ ಹೊಸದು ಮಾಡುವುದು ಸುಲಭ. ಬೇಕಾದದ್ದು ಹಗ್ಗ ಮತ್ತು ಸಮಯ, ಅಷ್ಟೇ.

ಹಗ್ಗಕ್ಕೆ ಹಗ್ಗ ತಾಗಿದರೆ ಕೊಯ್ಯುವುದಿಲ್ಲವೇ ಅನ್ನುವ ಅನುಮಾನ ಸಹಜ. ಒಂದರ ಮೇಲೊಂದು ಕದಲದೆ ಕೂತಿದ್ದರೆ ಕೊಯ್ಯುವುದಿಲ್ಲ. ಭಾರ ಇರುವಾಗ ಒಂದು ಇನ್ನೊಂದರ ಮೇಲೆ ಓಡಿದರೆ ಮಾತ್ರ ಬಿಸಿಯಾಗಿ ಕೊಯ್ದು ಹಾಕುತ್ತದೆ. ಸಾಫ್ಟ್ ಶ್ಯಾಕಲ್ ಮತ್ತು ಕುಣಿಕೆ ಕದಲದೆ ಕೂರುತ್ತವೆ. ಆದರೆ ಹಗ್ಗವನ್ನೇ ಮರಕ್ಕೆ ಸುತ್ತಿ ತನ್ನ ಕುಣಿಕೆಯೊಳಗಿಂದಲೇ ಹಾಯಿಸಿ ಎಳೆಯುವುದನ್ನು ಎಂದೂ ಮಾಡಬೇಡಿ. ಅಲ್ಲಿ ಆಗುವುದು ಓಟವೇ.

ಈಗ ಕುಣಿಕೆಯ ಗಾತ್ರ. ಬಹಳ ಜನ ಇದನ್ನು ಕಣ್ಣಳತೆಯಲ್ಲಿ ಬಿಟ್ಟುಬಿಡುತ್ತಾರೆ, ಆದರೆ ಬಲ ಸೋರಿಹೋಗುವ ಜಾಗಗಳಲ್ಲಿ ಇದೂ ಒಂದು. ಕುಣಿಕೆಯನ್ನು ಚಪ್ಪಟೆಯಾಗಿ ಹಿಡಿದಾಗ ಅದರ ಉದ್ದ, ಒಳಗೆ ಬರುವ ಪಿನ್ನಿನ ದಪ್ಪಕ್ಕಿಂತ ಕನಿಷ್ಠ 3 ಪಟ್ಟು ಇರಬೇಕು. 5 ಪಟ್ಟು ಇದ್ದರೆ ಇನ್ನೂ ಒಳ್ಳೆಯದು. ಕುಣಿಕೆ ಚಿಕ್ಕದಾಗಿ ಪಿನ್ ದಪ್ಪವಾಗಿದ್ದರೆ ಎರಡು ಕಾಲುಗಳೂ ಅಗಲಕ್ಕೆ ಬಿಚ್ಚಿಕೊಳ್ಳುತ್ತವೆ. ಆಗ ಅವು ಸೇರುವ ಕುತ್ತಿಗೆಯ ಹತ್ತಿರ ಜಡೆಯನ್ನು ಅಡ್ಡಡ್ಡ ಸೀಳುವ ಹಾಗೆ ಎಳೆತ ಬೀಳುತ್ತದೆ. ಒಂದೊಂದು ಕಾಲಿನ ಮೇಲೂ ಅರ್ಧ ಭಾರಕ್ಕಿಂತ ಹೆಚ್ಚು ಬೀಳುತ್ತದೆ. 22 ಮಿಲಿಮೀಟರ್ ಪಿನ್ನಿನ ಶ್ಯಾಕಲ್‌ಗೆ 11 ಸೆಂಟಿಮೀಟರ್ ಉದ್ದದ ಕುಣಿಕೆ ಸರಿಯಾಗಿರುತ್ತದೆ. ಪಿನ್ ಹಗ್ಗಕ್ಕಿಂತ ಸಣ್ಣದಾಗಿರಬಾರದು ಅನ್ನುವುದನ್ನೂ ಇದರ ಜೊತೆಗೇ ನೆನಪಿಡಿ. ಸಣ್ಣ ಪಿನ್ನಿನ ಮೇಲೆ ಹಗ್ಗ ತೀರಾ ಚೂಪಾಗಿ ಬಾಗುತ್ತದೆ.

ಕುಣಿಕೆಗೆ ಸವೆತ ತಡೆಯುವ ತೋಳು, ಅಂದರೆ ಕೊಳವೆಯಂಥ ಹೊದಿಕೆ, ಹಾಕುವ ಯೋಚನೆ ಇದ್ದರೆ ಸ್ಪ್ಲೈಸ್ ಶುರು ಮಾಡುವ ಮೊದಲೇ ಹಗ್ಗಕ್ಕೆ ಪೋಣಿಸಿಕೊಳ್ಳಿ. ಮುಗಿದ ಮೇಲೆ ಅದನ್ನು ಒಳಗೆ ಸೇರಿಸಲು ದಾರಿಯೇ ಇಲ್ಲ. ಕೊಳವೆ ಥಿಂಬಲ್ಲಿಗೂ ಇದೇ ಮಾತು.

ಹೂಳುವ ಉದ್ದ ಮತ್ತು ಸಣ್ಣ ಮಾಡುವುದು

ಸ್ಪ್ಲೈಸ್‌ಗಳನ್ನು ಹೋಲಿಸುವ ಮೊದಲು ಇದನ್ನು ಹೇಳಲೇಬೇಕು. ಎಳೆಗಳನ್ನು ಬಿಚ್ಚಿ ಹೆಣೆಯುವ ಟಕ್ ಸ್ಪ್ಲೈಸ್ ಒಂದನ್ನು ಬಿಟ್ಟು ಉಳಿದೆಲ್ಲಕ್ಕೂ ಇದು ಒಂದೇ.

ಕುಣಿಕೆಯ ಎರಡು ಕಾಲುಗಳು ಭಾರವನ್ನು ಅರ್ಧರ್ಧ ಹೊರುತ್ತವೆ. ಒಂದು ಕಾಲು ನೇರವಾಗಿ ಮುಖ್ಯ ಹಗ್ಗವಾಗಿ ಮುಂದುವರಿಯುತ್ತದೆ. ಇನ್ನೊಂದು ಕಾಲು ಬಾಲವಾಗಿ ಮುಖ್ಯ ಹಗ್ಗದ ಹೊಟ್ಟೆಗೆ ಇಳಿಯುತ್ತದೆ. ಬಾಲದ ಪಾಲಿನ ಅರ್ಧ ಭಾರ ಹೊರಗಿನ ಜಡೆಗೆ ದಾಟಬೇಕಾದರೆ ಇರುವುದು ಘರ್ಷಣೆ ಒಂದೇ. ನಾರು ನುಣುಪಾಗಿರುವುದರಿಂದ ಒಂದೊಂದು ಇಂಚಿನಲ್ಲೂ ದಾಟುವ ಭಾರ ಕಡಿಮೆ. ಹಾಗಾಗಿ ಉದ್ದ ಬೇಕು. ಸಾಮಾನ್ಯವಾಗಿ ಹೇಳುವ ಲೆಕ್ಕ ಹಗ್ಗದ ದಪ್ಪದ 72 ಪಟ್ಟು. 10 ಮಿಲಿಮೀಟರ್ ಹಗ್ಗಕ್ಕೆ 72 ಸೆಂಟಿಮೀಟರ್. ಕೆಲವು ಸೂಚನೆಗಳಲ್ಲಿ ಮೂರೂವರೆ ಫಿಡ್ ಉದ್ದ ಅಂತ ಬರೆದಿರುತ್ತದೆ. ಫಿಡ್ ಅಂದರೆ ಹಗ್ಗದೊಳಗೆ ಬಾಲ ತೂರಿಸುವ ಸಲಕರಣೆ. ಕೊಳವೆ ಫಿಡ್‌ನ ಒಂದು ಅಳತೆ ಅಂದರೆ ಹಗ್ಗದ ದಪ್ಪದ 21 ಪಟ್ಟು, ಅಲ್ಲಿಗೆ ಅದೂ ಹೆಚ್ಚುಕಡಿಮೆ ಇಷ್ಟೇ ಆಯಿತು. ಪಾಲಿಯೆಸ್ಟರ್ ಹಗ್ಗ ಸ್ಪ್ಲೈಸ್ ಮಾಡಿ ಅಭ್ಯಾಸ ಇರುವವರು ಅದೇ ಉದ್ದ ಇಲ್ಲೂ ಸಾಕು ಅಂದುಕೊಳ್ಳುವುದುಂಟು. ಸಾಲುವುದಿಲ್ಲ.

ಸಣ್ಣ ಮಾಡುವ ತುದಿ ಈ 72ರೊಳಗೇ ಸೇರಿದೆಯೋ, ಆಚೆಗೋ ಅನ್ನುವುದರಲ್ಲಿ ಒಂದೊಂದು ಸೂಚನೆ ಒಂದೊಂದು ರೀತಿ ಹೇಳುತ್ತದೆ. ನಿಮ್ಮ ಹಗ್ಗದ ತಯಾರಕರು ಹೇಳಿದ್ದನ್ನು ಅನುಸರಿಸಿ. ಅವರು ಸ್ಪಷ್ಟವಾಗಿ ಹೇಳಿಲ್ಲದಿದ್ದರೆ ಆಚೆಗೆ ಅಂತಲೇ ಇಟ್ಟುಕೊಳ್ಳುವುದು ಒಳ್ಳೆಯದು. ಒಂದು ಗೇಣು ಹಗ್ಗ ಜಾಸ್ತಿ ಹೋದರೂ ನಷ್ಟವಿಲ್ಲ, ಗಿಡ್ಡವಾದರೆ ಜಾರುತ್ತದೆ.

ಇನ್ನು ತುದಿಯನ್ನು ಸಣ್ಣ ಮಾಡುವುದು. ಬಾಲವನ್ನು ಮೊಂಡಾಗಿ ಕತ್ತರಿಸಿ ಹಾಗೇ ಹೂತರೆ, ಅದು ಮುಗಿಯುವ ಜಾಗದಲ್ಲಿ ಹೊರಗಿನ ಜಡೆ ದಪ್ಪದಿಂದ ಒಮ್ಮೆಗೇ ತೆಳ್ಳಗಾಗುತ್ತದೆ. ಹೊರಗೆ ನೋಡಿದರೆ ಮೆಟ್ಟಿಲಿನ ಹಾಗೆ ಕಾಣುತ್ತದೆ. ಎಲ್ಲ ಎಳೆಗಳೂ ಅಲ್ಲಿ ಒಟ್ಟಿಗೆ ಬಾಗುತ್ತವೆ. ಸರಿಯಾಗಿ ಆ ಜಾಗದಲ್ಲೇ ಪೂರ್ತಿ ಭಾರವೂ ಹೊರಗಿನ ಜಡೆಯ ಮೇಲೆ ಬಂದಿರುತ್ತದೆ. ಮುರಿದರೆ ಹಗ್ಗ ಅಲ್ಲೇ ಮುರಿಯುತ್ತದೆ.

ಮಾಡುವುದು ಹೀಗೆ. ಬಾಲದ ಕೊನೆಯ ಮೂರನೇ ಒಂದು ಭಾಗವನ್ನು ಗುರುತು ಮಾಡಿಕೊಳ್ಳಿ. ಕುತ್ತಿಗೆಯ ಕಡೆಯಿಂದ ತುದಿಯ ಕಡೆಗೆ ಬರುತ್ತಾ, ಬಲಕ್ಕೆ ಸುತ್ತುವ ಒಂದು ಎಳೆ, ಎಡಕ್ಕೆ ಸುತ್ತುವ ಒಂದು ಎಳೆ, ಹೀಗೆ ಜೋಡಿಯಾಗಿ ಹೊರಗೆಳೆದು ಕತ್ತರಿಸಿ. ಕೆಲವು ಹೆಣಿಗೆ ಮುಂದೆ ಹೋಗಿ ಇನ್ನೊಂದು ಜೋಡಿ. ಜೋಡಿಯಲ್ಲಿ ಕತ್ತರಿಸದೆ ಒಂದೇ ದಿಕ್ಕಿನ ಎಳೆಗಳನ್ನು ತೆಗೆದರೆ ಬಾಲ ಹೊಸೆದುಕೊಂಡು ವಕ್ರವಾಗುತ್ತದೆ. ಕೊನೆಗೆ ತುದಿಯಲ್ಲಿ ಎರಡು ಮೂರು ಎಳೆ ಉಳಿಯಬೇಕು. ತೂರಿಸುವಾಗ ತುದಿಗೆ ಸುತ್ತಿದ ಟೇಪನ್ನು ಆಮೇಲೆ ಕತ್ತರಿಸಿ ತೆಗೆಯಿರಿ. ತುದಿಯನ್ನು ಬೆಂಕಿಗೆ ಹಿಡಿದು ಗಟ್ಟಿ ಉಂಡೆ ಮಾಡುವುದು ಬೇಡವೇ ಬೇಡ. ಆ ಉಂಡೆ ಹೊಟ್ಟೆಯೊಳಗೆ ಕೂತು ಹೊರಗಿನ ಎಳೆಗಳನ್ನು ಕೊರೆಯುತ್ತದೆ.

ಬಾಲ ಒಳಗೆ ಹೋದಾಗ ಹೊರಗಿನ ಜಡೆ ಸುಕ್ಕುಗಟ್ಟಿ ಗಿಡ್ಡವಾಗಿರುತ್ತದೆ. ಕುತ್ತಿಗೆಯನ್ನು ಒಂದು ಕೈಯಲ್ಲಿ ಬಿಗಿ ಹಿಡಿದು, ಇನ್ನೊಂದು ಕೈಯಿಂದ ಹಗ್ಗವನ್ನು ವಿಂಚ್‌ನ ಡ್ರಮ್ಮಿನ (ಹಗ್ಗ ಸುತ್ತಿಕೊಳ್ಳುವ ಉರುಳೆಯ) ಕಡೆಗೆ ಹಾಲು ಕರೆಯುವ ಹಾಗೆ ನೀವುತ್ತಾ ಹೋಗಿ. ಹೊರಗೆ ಇಣುಕುತ್ತಿದ್ದ ಬಾಲದ ತುದಿ ಸರಕ್ಕನೆ ಒಳಗೆ ಮಾಯವಾಗುತ್ತದೆ. ಅಷ್ಟಕ್ಕೇ ನಿಲ್ಲಿಸಬೇಡಿ. ಸುಕ್ಕು ಪೂರ್ತಿ ಹೋಗುವವರೆಗೆ ನೀವಿ. ಸುಕ್ಕು ಉಳಿದಿದ್ದರೆ ಹೊರಗಿನ ಜಡೆ ಬಾಲವನ್ನು ಹಿಡಿದೇ ಇಲ್ಲ ಅಂತ ಅರ್ಥ.

ನೇರ ಹೂತು, ಹೊಲಿಗೆ ಹಾಕುವುದು

ಇದು ಎಲ್ಲಕ್ಕಿಂತ ಸರಳ. ಬಾಲವನ್ನು ಮುಖ್ಯ ಹಗ್ಗದೊಳಗೆ ತೂರಿಸಿ, 72 ಪಟ್ಟು ಹೂತು, ಕುತ್ತಿಗೆಯ ಹತ್ತಿರ ಗಟ್ಟಿ ದಾರದಿಂದ ಹೊಲಿಗೆ ಹಾಕಿದರೆ ಮುಗಿಯಿತು. ಹಗ್ಗದ ಎಳೆಗಳು ಎಲ್ಲೂ ಒಂದನ್ನೊಂದು ಅಡ್ಡ ದಾಟುವುದಿಲ್ಲ, ಚೂಪಾಗಿ ಬಾಗುವುದಿಲ್ಲ. ಹಾಗಾಗಿ ಬಲದ ವಿಷಯದಲ್ಲಿ ಇದಕ್ಕೇ ಮೇಲುಗೈ. ಒಂದು ತುದಿ ಡ್ರಮ್ಮಿನಲ್ಲಿದ್ದರೂ ಮಾಡಬಹುದು. ಕುಣಿಕೆಯ ಗಾತ್ರ ಸರಿ ಬರಲಿಲ್ಲ ಅಂದರೆ ಹೊಲಿಯುವ ಮೊದಲು ಬಾಲ ಎಳೆದು ಮತ್ತೆ ಹೊಂದಿಸಬಹುದು. ಥಿಂಬಲ್ ಬಿಗಿಯಾಗಿ ಕೂರಿಸಬೇಕಾದಾಗ ಇದರಷ್ಟು ಅನುಕೂಲ ಬೇರೆ ಯಾವುದೂ ಇಲ್ಲ.

ಇದರ ದುರ್ಬಲ ಜಾಗ ಹೊಲಿಗೆ. ಹಗ್ಗ ಬಿಗಿಯಿದ್ದಾಗ ಹೊಲಿಗೆಗೆ ಕೆಲಸವೇ ಇಲ್ಲ. ಸಡಿಲವಿದ್ದಾಗ ಪೂರ್ತಿ ಅದರದ್ದೇ ಕೆಲಸ. ಕುಣಿಕೆ ಹಿಡಿದು ಅಲ್ಲಾಡಿಸುವಾಗ, ನೆಲದ ಮೇಲೆ ಎಳೆದುಕೊಂಡು ಹೋಗುವಾಗ, ಬಂಪರ್ ಮೇಲೆ ಗಾಳಿಗೆ ಅದುರುವಾಗ ಬಾಲ ಸ್ವಲ್ಪ ಸ್ವಲ್ಪವೇ ಹೊರಗೆ ತೆವಳಲು ನೋಡುತ್ತದೆ. ಹೊಲಿಗೆ ಕಲ್ಲಿಗೆ ಉಜ್ಜಿ ಹರಿದು ಹೋಗಿದ್ದರೆ ತಡೆಯುವವರಿಲ್ಲ. ಈ ವಿಧಾನ ಆರಿಸಿಕೊಂಡವರು ಪ್ರತಿ ಬಳಕೆಗೂ ಮೊದಲು ಹೊಲಿಗೆ ನೋಡಲೇಬೇಕು. ಬಾಲ ಒಳಹೋಗುವ ಜಾಗದಲ್ಲಿ ಕಾಲಿನ ಮೇಲೂ ಹಗ್ಗದ ಮೇಲೂ ಒಂದೇ ಗೆರೆ ಬರುವ ಹಾಗೆ ಮಾರ್ಕರ್ ಗುರುತು ಹಾಕಿಡಿ. ಎರಡು ಗೆರೆ ಬೇರೆಯಾದರೆ ಬಾಲ ಕದಲಿದೆ ಅಂತ ದೂರದಿಂದಲೇ ಗೊತ್ತಾಗುತ್ತದೆ.

ಹೊಲಿಗೆಯನ್ನು ಬಿಗಿದು ಹಗ್ಗದ ಸೊಂಟ ಕಟ್ಟಬೇಡಿ. ದಾರ ಹೊರಗಿನ ಜಡೆ ಮತ್ತು ಒಳಗಿನ ಬಾಲ ಎರಡನ್ನೂ ದಾಟಿ ಆಚೆ ಬರಬೇಕು. ಕೆಲವು ಹೊಲಿಗೆ ಮುಂದೆ ಹೋಗಿ, ಹಗ್ಗವನ್ನು ಕಾಲು ಸುತ್ತು ತಿರುಗಿಸಿ ಹಿಂದೆ ಬನ್ನಿ. ಹಗ್ಗ ಬಿಗಿದಾಗ ಸಣ್ಣಗಾಗುವುದಕ್ಕೆ ಹೊಲಿಗೆ ಅಡ್ಡ ಬರಬಾರದು.

ಬ್ರಮ್ಮೆಲ್, ಎರಡೂ ತುದಿ ಕೈಯಲ್ಲಿದ್ದಾಗ

ಬ್ರಮ್ಮೆಲ್‌ನಲ್ಲಿ ಬಾಲ ಮುಖ್ಯ ಹಗ್ಗವನ್ನು ಅಡ್ಡ ದಾಟುತ್ತದೆ, ಮುಖ್ಯ ಹಗ್ಗ ಬಾಲವನ್ನು ಅಡ್ಡ ದಾಟುತ್ತದೆ. ಎರಡೂ ಒಂದನ್ನೊಂದು ಹಿಡಿದುಕೊಂಡ ಮೇಲೆ ಬಾಲವನ್ನು ಹೂಳಬೇಕು. ಹೊಲಿಗೆಯ ಅವಲಂಬನೆ ಇಲ್ಲ. ಹಗ್ಗ ಎಷ್ಟೇ ಸಡಿಲವಾದರೂ ಕುಣಿಕೆ ಬಿಚ್ಚುವುದಿಲ್ಲ.

ಹಗ್ಗ ಇನ್ನೂ ಡ್ರಮ್ಮಿಗೆ ಹೋಗಿಲ್ಲ, ಆ ಕಡೆಯ ತುದಿಗೆ ಲಗ್ (ಡ್ರಮ್ಮಿಗೆ ಬಿಗಿಯುವ ಲೋಹದ ತುಂಡು) ಒತ್ತಿಲ್ಲ ಅಂತಾದರೆ ಕೆಲಸ ಸುಲಭ. ಕುಣಿಕೆಯ ಅಳತೆಗೆ ಎರಡು ಗುರುತು ಹಾಕಿ. ಬಾಲವನ್ನು ಮುಖ್ಯ ಹಗ್ಗದ ಗುರುತಿನಲ್ಲಿ ತೂರಿಸಿ, ಗುರುತಿಗೆ ಗುರುತು ಸೇರುವವರೆಗೆ ಎಳೆಯಿರಿ. ಆಮೇಲೆ ಮುಖ್ಯ ಹಗ್ಗದ ಆ ಕಡೆಯ ತುದಿಯನ್ನು ತಂದು ಬಾಲದ ಗುರುತಿನಲ್ಲಿ ತೂರಿಸಿ. 25-30 ಮೀಟರ್ ಹಗ್ಗವನ್ನೂ ಆ ಬಾಯಿಯೊಳಗಿಂದ ಹಾಯಿಸುವುದು ಬೇಸರದ ಕೆಲಸ, ನಿಜ. ಆದರೆ ತಪ್ಪಾಗುವ ಅವಕಾಶ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಮೊದಲ ಸಲ ಮಾಡುವವರು, ಹಗ್ಗ ಹೊಸದಾಗಿದ್ದರೆ, ಇದನ್ನೇ ಮಾಡಿ ಅಂತ ನಾನು ಒತ್ತಿ ಹೇಳುತ್ತೇನೆ.

ಬ್ರಮ್ಮೆಲ್, ಒಂದೇ ತುದಿ ಕೈಯಲ್ಲಿದ್ದಾಗ

ವಿಂಚ್ ಗಾಡಿಯ ಮೇಲಿದೆ, ಹಗ್ಗ ಡ್ರಮ್ಮಿನಲ್ಲಿದೆ. ಸಾಮಾನ್ಯವಾಗಿ ಇರುವ ಸ್ಥಿತಿ ಇದೇ ಅಲ್ವಾ? ಆಗ ಮುಖ್ಯ ಹಗ್ಗದ ತುದಿಯನ್ನು ತೂರಿಸಲಾಗದು. ಬದಲಿಗೆ ಬಾಲವನ್ನೇ ತೂರಿಸಿ, ಹಗ್ಗದ ಒಂದು ತುಣುಕನ್ನು ಅದರ ಬಾಯಿಯೊಳಗಿಂದಲೇ ಎಳೆದು ಒಳಗು ಹೊರಗು ತಿರುಗಿಸಬೇಕು. ಕೊನೆಗೆ ಸಿಗುವ ಲಾಕ್ ಎರಡು ತುದಿಯ ವಿಧಾನದ್ದೇ. ದಾರಿ ಮಾತ್ರ ಬೇರೆ.

ಓದಿದರೆ ತಲೆ ತಿರುಗುತ್ತದೆ, ಕೈಯಲ್ಲಿ ಮಾಡಿದರೆ ಅರ್ಥವಾಗುತ್ತದೆ. ಹಾಗಾಗಿ ಮೊದಲು ಅಗ್ಗದ, ಟೊಳ್ಳು ಜಡೆಯ ಹಗ್ಗದ ತುಂಡಿನಲ್ಲಿ ಕೈ ಪಳಗಿಸಿಕೊಳ್ಳಿ. ಸರಿಯಾಗಿದೆಯೋ ಇಲ್ಲವೋ ಅಂತ ನೋಡುವುದು ಹೀಗೆ: ಲಾಕನ್ನು ಬಿಗಿಸುವ ಮೊದಲು ಸ್ವಲ್ಪ ಬಿಡಿಸಿ ಹಿಡಿಯಿರಿ. ಬಾಲ ಹಗ್ಗದ ನಡುವೆ ಹೋಗಿರಬೇಕು, ಹಗ್ಗ ಬಾಲದ ನಡುವೆ ಹೋಗಿರಬೇಕು. ಎರಡೂ ದಾಟು ಒಂದೇ ರೀತಿ ಕಾಣಬೇಕು, ಎರಡರ ನಡುವೆ ಹಗ್ಗ ಹೊಸೆದುಕೊಂಡಿರಬಾರದು. ಒಂದು ಕಡೆ ಮಾತ್ರ ನಡುವೆ ಹೋಗಿ ಇನ್ನೊಂದು ಕಡೆ ಸುಮ್ನೆ ಸುತ್ತಿಕೊಂಡಿದ್ದರೆ ಅದು ಲಾಕ್ ಅಲ್ಲ. ಬಿಚ್ಚಿ ಮತ್ತೆ ಮಾಡಿ. ತೂರಿಸುವಾಗ ಎಳೆಗಳನ್ನು ಎಣಿಸಿ, 6 ಈ ಕಡೆ 6 ಆ ಕಡೆ ಬರುವ ಹಾಗೆ ಬಾಯಿ ತೆರೆಯಿರಿ. ಒಂದು ಎಳೆಯನ್ನೂ ಚುಚ್ಚಿ ಸೀಳಬಾರದು.

ಎರಡೂ ಬಗೆಯ ಬ್ರಮ್ಮೆಲ್‌ಗೆ ಸೇರಿದ ಒಂದು ಎಚ್ಚರಿಕೆ ಇದೆ. ಲಾಕ್ ಗಟ್ಟಿಯಾಗಿ ಕಾಣುವುದರಿಂದ ಬಾಲವನ್ನು ಗಿಡ್ಡ ಬಿಡುವ ಆಸೆ ಹುಟ್ಟುತ್ತದೆ. ಅದಕ್ಕೆ ಬಲಿಯಾಗಬೇಡಿ. ದಾಟಿನಲ್ಲಿ ಎಳೆಗಳು ಅಗಲವಾಗಿ ಬಿಚ್ಚಿ ಬಾಗಿರುತ್ತವೆ. ಬಾಲ ಸರಿಯಾಗಿ ಹೂತಿದ್ದರೆ ಆ ಜಾಗಕ್ಕೆ ಭಾರ ಅಷ್ಟಾಗಿ ಬರುವುದಿಲ್ಲ. ಬಾಲ ಗಿಡ್ಡವಾಗಿ ಜಾರಿದರೆ ಪೂರ್ತಿ ಭಾರ ದಾಟಿನ ಮೇಲೇ ಬೀಳುತ್ತದೆ, ಹಗ್ಗದ ಬಲದ ದೊಡ್ಡ ಪಾಲು ಅಲ್ಲೇ ಹೋಗುತ್ತದೆ.

ಟಕ್ ಸ್ಪ್ಲೈಸ್

ಇದರಲ್ಲಿ ಬಾಲದ ಎಳೆಗಳನ್ನು ಬಿಚ್ಚಿ, ಮುಖ್ಯ ಹಗ್ಗದ ಎಳೆಗಳ ಕೆಳಗೆ ಒಂದೊಂದಾಗಿ ಹೆಣೆಯುತ್ತಾರೆ. ಹಡಗಿನ ದಪ್ಪ ಹಗ್ಗಗಳಿಗೆ, ಬಳಸಿ ಬಿರುಸಾದ ಹಗ್ಗಗಳಿಗೆ ಇದು ಒಳ್ಳೆಯ ವಿಧಾನ. ಹೊಟ್ಟೆ ತೆರೆಯದಷ್ಟು ಗಟ್ಟಿಯಾದ ಹಗ್ಗಕ್ಕೂ ಮಾಡಬಹುದು. ವಿಂಚ್ ಹಗ್ಗಕ್ಕೆ ನಾನು ಇದನ್ನು ಸೂಚಿಸುವುದಿಲ್ಲ. ಹೆಣಿಗೆಯ ಉಬ್ಬು ಫೇರ್‌ಲೀಡ್‌ನಲ್ಲಿ (ಹಗ್ಗವನ್ನು ಡ್ರಮ್ಮಿಗೆ ದಾರಿ ತೋರಿಸುವ ಕಿಂಡಿಯಲ್ಲಿ) ಹಾಯುವಾಗ ಉಜ್ಜುತ್ತದೆ, ಎಳೆಗಳ ತುದಿಗಳು ಹೊರಗೆ ಉಳಿದು ಸಿಕ್ಕಿಕೊಳ್ಳುತ್ತವೆ. ತುಂಬಾ ಹೊತ್ತೂ ಬೇಕು.

ಹಾಗಾದರೆ ಯಾವುದು

ತುದಿಯಲ್ಲಿ ಸಾಫ್ಟ್ ಐ, ಕಲ್ಲು ಮಣ್ಣಿನಲ್ಲಿ ಬಳಕೆ, ಪದೇ ಪದೇ ಬಿಗಿಯುವುದು, ಸಡಿಲ ಬಿಡುವುದು: ಇಂಥ ಹಗ್ಗಕ್ಕೆ ಬ್ರಮ್ಮೆಲ್ ಲಾಕ್ ಮತ್ತು ಪೂರ್ತಿ ಉದ್ದದ ಹೂಳು. ಗಾಡಿಯ ವಿಂಚ್ ಹಗ್ಗದ ಬಾಳೇ ಹೀಗೆ. ಹೆಚ್ಚು ಹೊತ್ತು ಅದು ಭಾರವಿಲ್ಲದೆ ಅಲ್ಲಾಡುತ್ತಿರುತ್ತದೆ. ನೇರ ಹೂಳಿಗೆ ಹೋಲಿಸಿದರೆ ಬಲದಲ್ಲಿ ಸ್ವಲ್ಪ ಕಡಿಮೆಯಾದರೂ, ಹರಿಯುವ ಹೊಲಿಗೆಯೊಂದನ್ನು ನಂಬಿಕೊಂಡು ಕೂರಬೇಕಿಲ್ಲ ಅನ್ನುವುದು ಇಲ್ಲಿ ದೊಡ್ಡ ಲಾಭ.

ಕೊಳವೆ ಥಿಂಬಲ್ ಹಾಕುವುದಾದರೆ ನೇರ ಹೂಳು, ಹೊಲಿಗೆ. ಕೊಳವೆಯ ಬಾಯಿಗೆ ಕುತ್ತಿಗೆ ಬಿಗಿಯಾಗಿ ಕೂರಬೇಕು, ಅದನ್ನು ಹೊಂದಿಸುವ ಸ್ವಾತಂತ್ರ್ಯ ಇದರಲ್ಲಿ ಇದೆ. ಗೋಡೆಗೋ ಕಂಬಕ್ಕೋ ಕೂರಿಸಿದ, ಹಗ್ಗ ಯಾವಾಗಲೂ ಸ್ವಲ್ಪ ಬಿಗಿಯಲ್ಲೇ ಇರುವ ವಿಂಚ್‌ಗೂ ಇದೇ ಸಾಕು.

ಹಗ್ಗ ಹಳೆಯದು, ಒಳಗೆ ಮರಳು ಸೇರಿದೆ ಅಂದರೆ ಸ್ಪ್ಲೈಸ್ ಆರಿಸುವ ಮೊದಲು ಹಗ್ಗವನ್ನು ನೀರಿನಲ್ಲಿ ಚೆನ್ನಾಗಿ ತೊಳೆದು ಒಣಗಿಸಿ. ಹೂತ ಬಾಲ ಮತ್ತು ಹೊರಗಿನ ಜಡೆಯ ನಡುವೆ ಸಿಕ್ಕಿದ ಮರಳು ಪ್ರತಿ ಎಳೆತದಲ್ಲೂ ನಾರನ್ನು ಕೊಯ್ಯುತ್ತದೆ. ತೊಳೆದರೂ ಬಾಯಿ ತೆರೆಯದಷ್ಟು ಬಿರುಸಾಗಿದ್ದರೆ ಇನ್ನೂ ಮೆತ್ತಗಿರುವ ಜಾಗದವರೆಗೆ ಹಗ್ಗ ಕತ್ತರಿಸಿ ಅಲ್ಲಿಂದ ಶುರು ಮಾಡಿ. 10 ಮಿಲಿಮೀಟರ್ ಹಗ್ಗದಲ್ಲಿ ಒಂದು ಕುಣಿಕೆಗೆ ಸುಮಾರು ಒಂದು ಮೀಟರ್ ಹೋಗುತ್ತದೆ. ಲೆಕ್ಕ ಹಾಕುವಾಗ ಡ್ರಮ್ಮಿನ ಮೇಲೆ ಉಳಿಯಲೇಬೇಕಾದ 8-10 ಸುತ್ತನ್ನೂ ಸೇರಿಸಿಕೊಳ್ಳಿ. ಉಕ್ಕಿನ ತಂತಿಗೆ 5 ಸುತ್ತು ಸಾಕಾಗುತ್ತಿತ್ತು, ಇದಕ್ಕೆ ಸಾಲದು. ಡ್ರಮ್ಮಿನ ಕಡೆಯ ಲಗ್ಗೋ ಬೋಲ್ಟೋ ಭಾರ ಹೊರುವುದಿಲ್ಲ. ಆ ಸುತ್ತುಗಳೇ ಹೊರುತ್ತವೆ.

ಸಿದ್ಧ ಕುಣಿಕೆ ಇರುವ ಹಗ್ಗ ಕೊಳ್ಳುವವರು ಕೈಯಿಂದ ಮುಟ್ಟಿ ನೋಡಿಯೇ ಕೊಳ್ಳಿ. ಕುತ್ತಿಗೆಯಿಂದ ಕೆಳಗೆ ಬೆರಳಲ್ಲಿ ಹಿಸುಕುತ್ತಾ ಹೋದರೆ ಬಾಲ ಎಲ್ಲಿ ಮುಗಿಯುತ್ತದೆ ಅಂತ ಗೊತ್ತಾಗುತ್ತದೆ. ಉದ್ದ ಅಳೆಯಿರಿ. ದಪ್ಪ ನಿಧಾನವಾಗಿ ಇಳಿಯುತ್ತಿದ್ದರೆ ತುದಿಯನ್ನು ಸಣ್ಣ ಮಾಡಿದ್ದಾರೆ. ಒಮ್ಮೆಗೇ ಇಳಿದರೆ ಮಾಡಿಲ್ಲ. ಅಂಥದ್ದು ಬೇಡ.

ಸಲಕರಣೆ

ಕೊಳವೆ ಫಿಡ್ ಒಳ್ಳೆಯದು. ಬಾಲದ ತುದಿಯನ್ನು ಅದರ ಹಿಂಬದಿಯ ತೂತಿಗೆ ಸಿಕ್ಕಿಸಿ ತಳ್ಳಿದರೆ ಹೊಟ್ಟೆಯೊಳಗೆ ನುಸುಳುತ್ತದೆ. ಅದು ಇಲ್ಲದಿದ್ದರೆ ಗಟ್ಟಿ ತಂತಿಯನ್ನು ಮಧ್ಯಕ್ಕೆ ಮಡಿಸಿ ಉದ್ದ ಕುಣಿಕೆ ಮಾಡಿಕೊಳ್ಳಿ. ಅದನ್ನು ಬಾಲ ಹೊರಬರಬೇಕಾದ ಕಡೆಯಿಂದ ತೂರಿಸಿ, ಬಾಲವನ್ನು ಅದಕ್ಕೆ ಸಿಕ್ಕಿಸಿ ಎಳೆಯಿರಿ. 72 ಸೆಂಟಿಮೀಟರ್ ಉದ್ದಕ್ಕೆ ಫಿಡ್‌ಗಿಂತ ಈ ತಂತಿಯೇ ಕೈಗೆ ಹಗುರ. ಎಚ್‌ಎಂಪಿಇ ಸಾಮಾನ್ಯ ಕತ್ತರಿಗೆ ಬಗ್ಗುವುದಿಲ್ಲ. ಸಣ್ಣ ಹಲ್ಲಿರುವ ಕತ್ತರಿಯೋ, ಹೊಸ ಬ್ಲೇಡಿನ ಚಾಕುವೋ ಬೇಕು. ಟೇಪು, ಮಾರ್ಕರ್, ಅಳತೆ ಪಟ್ಟಿ, ಹೊಲಿಗೆಗೆ ದಪ್ಪ ದಾರ ಮತ್ತು ಸೂಜಿ. ಇಷ್ಟೂ ಒಂದು ಸಣ್ಣ ಚೀಲದಲ್ಲಿ ಗಾಡಿಯಲ್ಲೇ ಇರಲಿ.

ಮಾಡಿ ಮುಗಿಸಿದ ಕುಣಿಕೆಗೆ ಮೊದಲೇ ಪೂರ್ತಿ ಭಾರ ಹಾಕಬೇಡಿ. ಗಟ್ಟಿ ಆಧಾರಕ್ಕೆ ಸಿಕ್ಕಿಸಿ, ಸಮತಟ್ಟು ನೆಲದಲ್ಲಿ ಗಾಡಿಯನ್ನು ನಿಧಾನವಾಗಿ ಎಳೆದುಕೊಳ್ಳಿ. ಆಮೇಲೆ ಕುತ್ತಿಗೆಯ ಗುರುತು ನೋಡಿ. ಕೂದಲೆಳೆಯಷ್ಟು ಕದಲಿ ನಿಂತಿದ್ದರೆ ಅದು ಸ್ಪ್ಲೈಸ್ ಕೂತುಕೊಂಡ ಲಕ್ಷಣ. ಮುಂದಿನ ಎಳೆತದಲ್ಲೂ ಕದಲುತ್ತಿದ್ದರೆ ಬಾಲ ಗಿಡ್ಡವಾಗಿದೆ ಅಥವಾ ಸುಕ್ಕು ಉಳಿದಿದೆ.

ಹಗ್ಗ ಕೆಸರಿನ ನಡುವೆಯೇ ತುಂಡಾಗಿ, ಸಂಜೆಯೂ ಆಗುತ್ತಿದೆ ಅಂದಾಗ ನೇರ ಹೂಳೇ ಗತಿ. ಆಗ ಕೂಡ ಉದ್ದ ಕಡಿಮೆ ಮಾಡಬೇಡಿ. ಸಮಯ ಉಳಿಸಬೇಕಿದ್ದರೆ ತುದಿಯಲ್ಲಿ ಎರಡು ಮೂರು ಜೋಡಿ ಎಳೆ ಮಾತ್ರ ಕತ್ತರಿಸಿ ಒರಟಾಗಿ ಸಣ್ಣ ಮಾಡಿ, ನಾಲ್ಕು ಹೊಲಿಗೆ ಹಾಕಿ. ಪುಲ್ಲಿ ಬ್ಲಾಕ್ ಇದ್ದರೆ ಹಗ್ಗವನ್ನು ಅದರಲ್ಲಿ ಹಾಯಿಸಿ ಎರಡು ಸಾಲು ಮಾಡಿ, ಹೊಸ ಕುಣಿಕೆಯ ಪಾಲಿನ ಭಾರ ಅರ್ಧದಷ್ಟು ಇಳಿಯುತ್ತದೆ. ಮನೆಗೆ ಬಂದ ಮೇಲೆ ಆ ಕುಣಿಕೆಯನ್ನು ಕತ್ತರಿಸಿ, ಹಗ್ಗ ತೊಳೆದು, ಪೂರ್ತಿ ಕ್ರಮದಲ್ಲಿ ಮತ್ತೊಂದು ಮಾಡಿ.